ಬಡಾವಣೆಯೊಳಗಿನ ಸಮಾಜಕಾರ್ಯ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಡಾವಣೆಯಲ್ಲಿ ಸಮಾಜಕಾರ್ಯ ಮಾಡ್ತೀನಿ ಅಂದ ತಕ್ಷಣ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಕೆಲವರು ಕುತೂಹಲದಿಂದ ಕೇಳುತ್ತಾರೆ, ಕೆಲವರು ಅನುಮಾನದಿಂದ. ಎರಡೂ ಸರಿಯೇ. ಇಷ್ಟು ವರ್ಷ ಬಾಯಲ್ಲಿ ಹೇಳುತ್ತಾ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಇದು ಸಮಾಜಸೇವೆಯೇ ಅಲ್ವಾ? ಬೇರೆ ಹೆಸರು ಯಾಕೆ?

ಹತ್ತಿರದ ನಂಟಿದೆ, ಆದರೆ ಎರಡೂ ಒಂದಲ್ಲ. ಸಮಾಜಸೇವೆ ಅಂದಾಗ ಕಣ್ಣ ಮುಂದೆ ಬರುವುದು ಕೊಡುವ ಕೈ, ಪಡೆಯುವ ಕೈ. ಬಟ್ಟೆ ಹಂಚುವುದು, ಪುಸ್ತಕ ಹಂಚುವುದು, ರಕ್ತದಾನ ಶಿಬಿರ. ಒಳ್ಳೆಯ ಕೆಲಸಗಳೇ. ಸಮಾಜಕಾರ್ಯ ಒಂದು ವೃತ್ತಿ. ಅದಕ್ಕೆ ಅಂತಲೇ ಓದು ಇದೆ, ವಿಧಾನವಿದೆ, ನೀತಿ ನಿಯಮಗಳಿವೆ. ಓದುವವರಿಗೆ ಮೊದಲಿನಿಂದಲೂ ಮೂರು ದಾರಿ ಕಲಿಸುತ್ತಾರೆ: ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬದ ಜೊತೆ ಕೆಲಸ, ಸಣ್ಣ ಗುಂಪಿನ ಜೊತೆ ಕೆಲಸ, ಇಡೀ ಸಮುದಾಯವನ್ನು ಸಂಘಟಿಸುವ ಕೆಲಸ. ಬಡಾವಣೆಗೆ ಇಳಿದ ಮೇಲೆ ಈ ಮೂರೂ ಒಂದೇ ದಿನದಲ್ಲಿ ಬೆರೆತುಹೋಗುತ್ತವೆ. ಬೆಳಗ್ಗೆ ಒಬ್ಬ ತಾಯಿಯ ಜೊತೆ ಮಗನ ಕುಡಿತದ ಬಗ್ಗೆ ಮಾತು, ಮಧ್ಯಾಹ್ನ ಶಾಲೆ ಬಿಟ್ಟ ನಾಲ್ಕು ಹುಡುಗರ ಜೊತೆ, ಸಂಜೆ ಬೀದಿಯವರೆಲ್ಲ ಕೂತು ಚರಂಡಿಗೆ ಅರ್ಜಿ ಬರೆಯುವುದು.

ನನ್ನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಷ್ಟೇ: ತೊಂದರೆ ಯಾರದೋ, ಅದನ್ನು ಸರಿಪಡಿಸುವ ಕೆಲಸದಲ್ಲೂ ಅವರೇ ಮುಂದಿರುತ್ತಾರೆ. ನಾವು ಪಕ್ಕದಲ್ಲಿರುತ್ತೇವೆ.

ಕಚೇರಿ ಇದೆ, ಆಸ್ಪತ್ರೆ ಇದೆ, ಹೆಲ್ಪ್‌ಲೈನ್ ಇದೆ. ಬೀದಿಯಲ್ಲೇ ಇರಬೇಕು ಅಂತ ಯಾಕೆ ಹಟ?

ತೊಂದರೆಯಲ್ಲಿರುವವರು ಕಚೇರಿಗೆ ಬರುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಕೆಲವರು ಬರುವುದೇ ಇಲ್ಲ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವುದಿಲ್ಲ, ಹೋದರೆ ಏನಂತಾರೋ ಅನ್ನುವ ನಾಚಿಕೆ, ಒಂದು ದಿನದ ಕೂಲಿ ಹೋಗುತ್ತದೆ ಅನ್ನುವ ಚಿಂತೆ.

ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರು ತಮ್ಮ ಬಳಿ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ಯುವತಿಯ ಬಗ್ಗೆ ಹೇಳಿದ್ದಾರೆ. ಆಸ್ಪತ್ರೆಗೆ ಬರಲು ಬಸ್ಸಿಗೆ ಹಣವಿಲ್ಲದೆ ಆಕೆ ಮನೆಯಲ್ಲೇ ಉಳಿದಳು, ಕೊನೆಗೆ ಜೀವ ಕಳೆದುಕೊಂಡಳು. ಆಸ್ಪತ್ರೆ ಇತ್ತು, ವೈದ್ಯರಿದ್ದರು, ನಡುವಿನ ದಾರಿ ಮಾತ್ರ ದಾಟಲಾಗಲಿಲ್ಲ. ಆಮೇಲೆ ಅವರು ಮಾಡಿದ್ದು ಏನು ಗೊತ್ತಾ? ಹರಾರೆಯ ಬಡ ಬಡಾವಣೆಯಲ್ಲಿ 14 ಅಜ್ಜಿಯರನ್ನು ಕರೆದು, ಮನಸ್ಸು ಬಿಚ್ಚಿ ಮಾತಾಡಿಸುವ, ಸಮಸ್ಯೆಯನ್ನು ಒಂದೊಂದಾಗಿ ಬಿಡಿಸಿ ನೋಡುವ ತರಬೇತಿ ಕೊಟ್ಟರು. ಆರೋಗ್ಯ ಕೇಂದ್ರದ ಹೊರಗೆ ಒಂದು ಮರದ ಬೆಂಚು. ಅಷ್ಟೇ. ಅದನ್ನು ಸ್ನೇಹದ ಬೆಂಚು ಅಂತ ಕರೆದರು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 573 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಆರು ತಿಂಗಳ ನಂತರ ಬೆಂಚಿನ ಮೇಲೆ ಅಜ್ಜಿಯರ ಜೊತೆ ಕೂತ ಗುಂಪಿನಲ್ಲಿ ಖಿನ್ನತೆಯ ಲಕ್ಷಣ ಇದ್ದವರು ನೂರಕ್ಕೆ ಸುಮಾರು 14. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 50.

ಹೆಲ್ಪ್‌ಲೈನ್ ಬೇಡ ಅಂತ ಖಂಡಿತ ಹೇಳುತ್ತಿಲ್ಲ. ಆದರೆ ಆ ನಂಬರಿಗೆ ಫೋನ್ ಮಾಡಲು ಧೈರ್ಯ ಕೊಡುವವರು ಯಾರೋ ಒಬ್ಬರು ಹತ್ತಿರದಲ್ಲಿ ಬೇಕು.

ನೆರೆಹೊರೆ ಚೆನ್ನಾಗಿದ್ದರೆ ಮನಸ್ಸಿಗೆ ಹಿತ, ಒಪ್ಪಿದೆ. ಅದರಿಂದ ಜೀವ ಉಳಿಯುತ್ತೆ ಅನ್ನೋದು ಸ್ವಲ್ಪ ಜಾಸ್ತಿ ಆಗಲಿಲ್ವಾ?

ಇಲ್ಲ. 1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ಭಾರೀ ಬಿಸಿಗಾಳಿ ಬೀಸಿತು. ಮಾಮೂಲಿಗಿಂತ ಸುಮಾರು 739 ಜನ ಹೆಚ್ಚಾಗಿ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿ ಬದುಕುತ್ತಿದ್ದ ವಯಸ್ಸಾದವರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಅಲ್ಲಿನ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು: ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್. ಎರಡು ಕಡೆಯೂ ಬಿಸಿಲು ಒಂದೇ. ಒಂಟಿಯಾಗಿ ಬಾಳುವ ಬಡ ವೃದ್ಧರ ಪ್ರಮಾಣವೂ ಹೆಚ್ಚುಕಮ್ಮಿ ಒಂದೇ. ಆದರೆ ಸಾವಿನ ಪ್ರಮಾಣದಲ್ಲಿ ಹತ್ತು ಪಟ್ಟು ವ್ಯತ್ಯಾಸ: ಒಂದು ಕಡೆ ಲಕ್ಷಕ್ಕೆ 40, ಇನ್ನೊಂದು ಕಡೆ ಲಕ್ಷಕ್ಕೆ 4.

ಯಾಕೆ? ಕಡಿಮೆ ಸಾವಾದ ಕಡೆ ರಸ್ತೆಗಳಲ್ಲಿ ಓಡಾಟ ಇತ್ತು, ಅಂಗಡಿಗಳು ತೆರೆದಿದ್ದವು, ವಯಸ್ಸಾದವರು ಹೊರಗೆ ಬರಲು ಹೆದರುತ್ತಿರಲಿಲ್ಲ. ಇನ್ನೊಂದು ಕಡೆ ಪಾಳುಬಿದ್ದ ಮನೆಗಳು, ಖಾಲಿ ಜಾಗಗಳು, ಹೊಡೆದಾಟದ ಭಯ. ಕಿಟಕಿ, ಬಾಗಿಲು ಹಾಕಿಕೊಂಡು ಒಳಗೇ ಉಳಿದವರನ್ನು ಕೇಳುವವರೇ ಇರಲಿಲ್ಲ. ನನಗೆ ಈ ಎರಡು ಅಂಕಿ ಮರೆಯಲು ಆಗುವುದಿಲ್ಲ. ಪಕ್ಕದ ಮನೆಯವರು ಎರಡು ದಿನದಿಂದ ಕಾಣಿಸಲಿಲ್ಲವಲ್ಲ ಅಂತ ಒಬ್ಬರಿಗೆ ಅನ್ನಿಸುವುದು ಎಷ್ಟು ದೊಡ್ಡ ವಿಷಯ ಅಂತ ಅವು ಹೇಳುತ್ತವೆ.

ಇದು ಒಂದೇ ಊರಿನ ಕಥೆಯಲ್ಲ. ಅದೇ 1995ರ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪ ಆದಾಗ ಕುಸಿದ ಮನೆಗಳಿಂದ ಬದುಕಿ ಬಂದವರಲ್ಲಿ ಹೆಚ್ಚಿನವರನ್ನು ಎಳೆದು ತೆಗೆದದ್ದು ಮನೆಯವರು ಮತ್ತು ಅಕ್ಕಪಕ್ಕದವರು. ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಅನ್ನುವುದು ಅವರಿಗೇ ತಾನೇ ಗೊತ್ತಿರುತ್ತದೆ. 2010ರಲ್ಲಿ 148 ಅಧ್ಯಯನಗಳನ್ನು ಒಟ್ಟು ಸೇರಿಸಿ, ಮೂರು ಲಕ್ಷಕ್ಕೂ ಮೀರಿದ ಜನರ ಮಾಹಿತಿ ನೋಡಿದಾಗಲೂ, ಒಳ್ಳೆಯ ಒಡನಾಟ ಇರುವವರು ಆಯಾ ಅಧ್ಯಯನದ ಕಾಲಕ್ಕೆ ಬದುಕಿ ಉಳಿದಿರುವ ಸಾಧ್ಯತೆ ಉಳಿದವರಿಗಿಂತ ಶೇ. 50ರಷ್ಟು ಜಾಸ್ತಿ ಅಂತ ಕಂಡುಬಂತು.

ಇದು ಈಚೆಗೆ ಹುಟ್ಟಿಕೊಂಡ ಫ್ಯಾಷನ್ನಾ?

ಅಲ್ಲ. 1884ರಲ್ಲೇ ಲಂಡನ್ನಿನ ಬಡವರ ಭಾಗದಲ್ಲಿ ಸ್ಯಾಮ್ಯುಯೆಲ್ ಮತ್ತು ಹೆನ್ರಿಯೆಟ್ಟಾ ಬಾರ್ನೆಟ್ ದಂಪತಿ ಟಾಯ್ನ್‌ಬಿ ಹಾಲ್ ಶುರು ಮಾಡಿದರು. ಓದಿದವರು ಬಡವರ ನಡುವೆಯೇ ಬಂದು ವಾಸ ಮಾಡಬೇಕು ಅನ್ನುವುದು ಅದರ ಹಿಂದಿನ ಯೋಚನೆ. ಅದನ್ನು ನೋಡಿ ಬಂದ ಅಮೆರಿಕದ ಜೇನ್ ಆ್ಯಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಸೇರಿ 1889ರಲ್ಲಿ ಶಿಕಾಗೋದಲ್ಲಿ ಹಲ್ ಹೌಸ್ ಅನ್ನುವ ಅಂಥದೇ ಕೇಂದ್ರ ತೆರೆದರು. ಬೇರೆ ದೇಶಗಳಿಂದ ದುಡಿಯಲು ಬಂದ ಕುಟುಂಬಗಳೇ ಅಲ್ಲಿ ಸುತ್ತಮುತ್ತ.

ಆ್ಯಡಮ್ಸ್ ಬಗ್ಗೆ ನನಗೆ ಬಹಳ ಇಷ್ಟವಾದ ಸಂಗತಿ ಕಸದ್ದು. ಬೀದಿಗಳಲ್ಲಿ ಕಸ ಕೊಳೆಯುತ್ತಿತ್ತು, ಮಕ್ಕಳು ಸಾಯುತ್ತಿದ್ದರು. ಹಲ್ ಹೌಸಿನವರು, ಸುತ್ತಲಿನ ಹೆಂಗಸರು ಬೀದಿ ಬೀದಿ ತಿರುಗಿ, ಎಲ್ಲೆಲ್ಲಿ ಕಸ ಎತ್ತಿಲ್ಲ ಅಂತ ಬರೆದು ದೂರು ಕೊಟ್ಟರು. ಕೊನೆಗೆ 1895ರಲ್ಲಿ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆಗಿ ಆ್ಯಡಮ್ಸ್ ಅವರನ್ನೇ ನೇಮಿಸಿದರು. ಬೆಳಗ್ಗೆ ಬೇಗ ಎದ್ದು ಕಸದ ಗಾಡಿಗಳ ಹಿಂದೆ ಹೋಗುತ್ತಿದ್ದರಂತೆ. ಇದೇ ಹೆಣ್ಣುಮಗಳಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕಸದ ಗಾಡಿಯ ಹಿಂದೆ ನಡೆದದ್ದೂ ಶಾಂತಿಯ ಕೆಲಸವೇ ಅಂತ ನಾನು ನಂಬಿದ್ದೇನೆ.

ಭಾರತದಲ್ಲಿ ಸಮಾಜಕಾರ್ಯದ ಓದು ಶುರುವಾದದ್ದರ ಹಿಂದೆಯೂ ಒಂದು ಬಡಾವಣೆಯೇ ಇದೆ. ಮುಂಬೈನ ನಾಗಪಾಡದಲ್ಲಿ ನೆರೆಹೊರೆ ಕೇಂದ್ರ ನಡೆಸುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರೇ 1936ರಲ್ಲಿ ಶುರುವಾದ ಸಮಾಜಕಾರ್ಯ ಶಾಲೆಯ ಮೊದಲ ನಿರ್ದೇಶಕರು. ಅದೇ ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ.

ಹೊಸ ಬಡಾವಣೆಗೆ ಹೋದಾಗ ಮೊದಲು ಏನು ಮಾಡಬೇಕು?

ಸುಮ್ನೆ ಕೇಳಿಸಿಕೊಳ್ಳಬೇಕು. ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ನಾನು ಶುರುವಿನಲ್ಲಿ ಪ್ರಶ್ನೆಗಳ ಹಾಳೆ ಹಿಡಿದು ಮನೆ ಮನೆ ತಿರುಗಿದವಳು. ಒಂದು ಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿ ಎಲ್ಲ ಪ್ರಶ್ನೆಗೂ "ನಂಗೇನೂ ತೊಂದರೆ ಇಲ್ಲಮ್ಮ" ಅಂದರು. ಹಾಳೆಯಲ್ಲಿ ಹಾಗೇ ಬರೆದುಕೊಂಡು ಬಂದೆ. ಎರಡನೇ ಸಲ ಹಾಳೆ ಇಲ್ಲದೆ ಹೋದೆ, ಹೊಸ್ತಿಲ ಹತ್ತಿರ ಕೂತು ಅರ್ಧ ಗಂಟೆ ಹಳೆಯದೆಲ್ಲ ಮಾತಾಡಿದ್ವಿ. ಗೋಡೆಗೆ ಒರಗಿಸಿದ್ದ ಸಣ್ಣ ಮೇಜಿನ ಮೇಲೆ ಒಡೆಯದ ಲಕೋಟೆಗಳ ರಾಶಿ ಕಣ್ಣಿಗೆ ಬಿತ್ತು. ನಾನೇನೂ ಕೇಳಲಿಲ್ಲ. ಮೂರನೇ ಸಲ ಹೋದಾಗ ಅವರೇ ಮೇಲಿನ ಲಕೋಟೆ ಎತ್ತಿ ಕೊಟ್ಟು, "ಇದನ್ನೊಂದ್ಸಲ ಓದಿ ಹೇಳ್ತೀಯೇನಮ್ಮಾ?" ಅಂದರು. ಕಣ್ಣು ಮಂಜಾಗಿ ಒಂದು ವರ್ಷ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ಆ ರಾಶಿಯಲ್ಲಿ, ಒಂದು ಫಾರ್ಮ್ ತುಂಬಿ ಕಳಿಸದಿದ್ದರೆ ಪಿಂಚಣಿ ನಿಲ್ಲುತ್ತದೆ ಅನ್ನುವ ಪತ್ರವೂ ಇತ್ತು. ಗಡುವಿಗೆ ಒಂಬತ್ತು ದಿನ ಬಾಕಿ.

ಫಾರ್ಮ್ ತುಂಬಿದ್ದು, ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದು ಎಲ್ಲ ಆಯಿತು. ಆದರೆ ನನ್ನ ಪ್ರಕಾರ ನಿಜವಾದ ಸಮಾಜಕಾರ್ಯ ಆಮೇಲೆ ನಡೆದದ್ದು: ಮೇಲಿನ ಮಹಡಿಯ ಕಾಲೇಜು ಹುಡುಗಿ ಪ್ರತಿ ಶನಿವಾರ ಇಳಿದು ಬಂದು ಪತ್ರ ಓದಿ ಹೇಳಲು ಶುರು ಮಾಡಿದಳು. ನಾನು ಆ ಬಡಾವಣೆ ಬಿಟ್ಟ ಮೇಲೂ ಅದು ನಿಲ್ಲಲಿಲ್ಲ.

ಕೇಳಿಸಿಕೊಳ್ಳುವಾಗ ಇನ್ನೊಂದು ಕೆಲಸವೂ ಆಗಬೇಕು. ಏನೇನು ಇಲ್ಲ ಅನ್ನುವುದರ ಜೊತೆಗೆ ಏನೇನು ಇದೆ ಅಂತಲೂ ಬರೆದುಕೊಳ್ಳಿ. ಸಮುದಾಯಗಳ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಜಾನ್ ಕ್ರೆಟ್ಸ್‌ಮನ್ ಮತ್ತು ಜಾನ್ ಮೆಕ್‌ನೈಟ್ 1990ರ ದಶಕದಲ್ಲಿ ಒತ್ತಿ ಹೇಳಿದ್ದು ಇದನ್ನೇ. ಬಡ ಬಡಾವಣೆಯನ್ನು ಬರೀ ಕೊರತೆಗಳ ಪಟ್ಟಿಯಾಗಿ ನೋಡಿದರೆ ಅಲ್ಲಿನ ಜನರೂ ತಮ್ಮನ್ನು ಹಾಗೇ ನೋಡಿಕೊಳ್ಳಲು ಶುರು ಮಾಡುತ್ತಾರೆ. ಯಾರಿಗೆ ಹೊಲಿಗೆ ಬರುತ್ತೆ, ಯಾರು ಲೆಕ್ಕ ಚೆನ್ನಾಗಿ ಹೇಳಿಕೊಡ್ತಾರೆ, ಯಾರ ಮಾತಿಗೆ ಹುಡುಗರು ಬೆಲೆ ಕೊಡ್ತಾರೆ, ಯಾರ ಮನೆ ಮುಂದೆ ಹತ್ತು ಜನ ಕೂರುವಷ್ಟು ಜಾಗ ಇದೆ. ಇದೆಲ್ಲ ಆಸ್ತಿಯೇ.

ನಮ್ಮ ಕಡೆ ಯಾರಿಗೂ ಆಸಕ್ತಿ ಇಲ್ಲ. ಸಭೆ ಕರೆದರೆ ಐದು ಜನ ಬರ್ತಾರೆ. ಏನು ಮಾಡೋದು?

ಐದು ಜನ ಸಾಕು, ಶುರು ಮಾಡಿ. ಆದರೆ ಉಳಿದವರು ಯಾಕೆ ಬರಲಿಲ್ಲ ಅಂತಲೂ ನೋಡಿ. ಸಭೆ ಇಟ್ಟದ್ದು ಯಾವ ಹೊತ್ತಿಗೆ? ಮಕ್ಕಳನ್ನು ನೋಡಿಕೊಳ್ಳುವವರು, ರಾತ್ರಿ ಪಾಳಿಯವರು ಬರಲು ಆಗುತ್ತಿತ್ತಾ? ಹಿಂದೆ ಇಂಥದೇ ಸಭೆಗೆ ಬಂದು, ಹೇಳಿದ್ದೆಲ್ಲ ಗಾಳಿಗೆ ಹೋಗಿ, ಬೇಸತ್ತವರು ಎಷ್ಟು ಜನ?

ಈ ಕೊನೆಯದು ಬಹಳ ಮುಖ್ಯ. 1969ರಲ್ಲಿ ಅಮೆರಿಕದ ಶೆರಿ ಆರ್ನ್‌ಸ್ಟೀನ್ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯ ಹಾಗೆ ಬರೆದು ತೋರಿಸಿದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಹೆಸರಿಗೆ ಕೂರಿಸಿ ತಮಗೆ ಬೇಕಾದ್ದಕ್ಕೆ ಹೂಂ ಅನ್ನಿಸಿಕೊಳ್ಳುತ್ತಾರೆ. ನಡುವೆ ಅಭಿಪ್ರಾಯ ಕೇಳುತ್ತಾರೆ, ಆದರೆ ತೀರ್ಮಾನ ಮೊದಲೇ ಆಗಿರುತ್ತದೆ. ಮೇಲಿನ ಮೆಟ್ಟಿಲಲ್ಲಿ ಮಾತ್ರ ನಿಜವಾದ ಅಧಿಕಾರ ಜನರ ಕೈಯಲ್ಲಿರುತ್ತದೆ. ಆಸಕ್ತಿ ಇಲ್ಲ ಅಂತ ನಾವು ಬೈಯುವ ಜನ ಎಷ್ಟೋ ಸಲ ಕೆಳಗಿನ ಮೆಟ್ಟಿಲಲ್ಲಿ ಕೂತು ಕೂತು ಸಾಕಾದವರು.

ಹಾಗಾಗಿ ಮೊದಲ ಕೆಲಸ ಚಿಕ್ಕದಿರಲಿ, ಬೇಗ ಮುಗಿಯುವಂಥದಿರಲಿ, ಕಣ್ಣಿಗೆ ಕಾಣುವಂತಿರಲಿ. ಕೆಟ್ಟ ಒಂದು ಬೀದಿದೀಪ ಹೊತ್ತಿದರೆ ಮುಂದಿನ ಸಭೆಗೆ ಐದು ಹೋಗಿ ಹದಿನೈದಾಗುತ್ತದೆ.

ವಾಟ್ಸಾಪ್ ಗ್ರೂಪ್ ಇದೆಯಲ್ಲ, ಸಾಲದಾ?

ಸುದ್ದಿ ತಿಳಿಸಲು ಸಾಕು. ನಂಬಿಕೆ ಬೆಳೆಸಲು ಸಾಲದು. ಫೋನ್ ಇಲ್ಲದವರು, ಓದಲು ಬಾರದವರು, ಗ್ರೂಪಿನಲ್ಲಿ ಬಾಯಿ ಬಿಡಲು ಹಿಂಜರಿಯುವವರು ಹೊರಗೇ ಉಳಿಯುತ್ತಾರೆ. ನಮಗೆ ಜಾಸ್ತಿ ಬೇಕಾದವರು ಅವರೇ.

ಅಪರಾಧ ಕಡಿಮೆ ಆಗುತ್ತಾ?

ಆಗುವ ದಾರಿ ಇದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಗಾರರು ಶಿಕಾಗೋದ 343 ಬಡಾವಣೆಗಳಲ್ಲಿ 8,782 ಜನರನ್ನು ಮಾತಾಡಿಸಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಕೇಳಿದ ಪ್ರಶ್ನೆಗಳು ನಮ್ಮ ನಿಮ್ಮ ಮಾತಿನ ಹಾಗೇ ಇದ್ದವು: ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ಅಕ್ಕಪಕ್ಕದವರು ಏನಾದರೂ ಕೇಳ್ತಾರಾ? ಇಲ್ಲಿನ ಜನರನ್ನು ನಂಬಬಹುದಾ? ಒಬ್ಬರನ್ನೊಬ್ಬರು ನಂಬುವ, ಬೇಕಾದಾಗ ಮಧ್ಯೆ ಬರುವ ಬಡಾವಣೆಗಳಲ್ಲಿ ಹಿಂಸೆ ಕಡಿಮೆ ಇತ್ತು. ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮಧ್ಯೆ ಬರುವುದು ಬೇರೆ, ಕಾವಲು ಕಾಯುವ ನೆಪದಲ್ಲಿ ಹೊಸಬರನ್ನು, ಬಡವರನ್ನು, ಬೇರೆ ಥರ ಕಾಣುವವರನ್ನು ಹಿಡಿದು ಪ್ರಶ್ನೆ ಮಾಡುವುದು ಬೇರೆ. ಎರಡನೆಯದು ಶುರುವಾದರೆ ಬಡಾವಣೆ ಅರ್ಧ ಜನರಿಗೆ ಮಾತ್ರ ಮನೆಯಾಗುತ್ತದೆ.

ಸರ್ಕಾರ ಮಾಡಬೇಕಾದ ಕೆಲಸವನ್ನು ಜನರ ತಲೆಗೆ ಕಟ್ಟಿದ ಹಾಗಲ್ವಾ?

ಈ ಅನುಮಾನ ನ್ಯಾಯವಾದದ್ದು. ಕೆಲವು ಕಡೆ ಹಾಗೆ ಆಗಿದೆ ಕೂಡ. ಆಸ್ಪತ್ರೆಗೆ ಹಣ ಕಡಿತ ಮಾಡಿ, ನೆರೆಹೊರೆಯವರು ನೋಡಿಕೊಳ್ಳಲಿ ಅನ್ನುವುದು ಮೋಸ. ನೀರಿನ ಪೈಪು, ಔಷಧಿ, ಶಾಲೆಯ ಮೇಷ್ಟ್ರು, ಇವು ಅಕ್ಕಪಕ್ಕದವರ ಒಳ್ಳೆಯತನದಿಂದ ಬರುವಂಥವಲ್ಲ. ಅಜ್ಜಿಗೆ ಪತ್ರ ಓದಿ ಹೇಳುವುದು ಪಕ್ಕದ ಹುಡುಗಿಯಿಂದ ಆಗುತ್ತದೆ, ಪಿಂಚಣಿ ಕೊಡುವುದು ಸರ್ಕಾರದಿಂದಲೇ ಆಗಬೇಕು. ಒಳ್ಳೆಯ ಸಮುದಾಯ ಕೆಲಸ ಜನರನ್ನು ಸುಮ್ಮನಾಗಿಸುವುದಿಲ್ಲ, ಒಟ್ಟಾಗಿ ಕೇಳುವಂತೆ ಮಾಡುತ್ತದೆ. ಹಲ್ ಹೌಸಿನವರು ತಾವೇ ಪೊರಕೆ ಹಿಡಿದು ಸುಮ್ಮನಾಗಲಿಲ್ಲ, ನಗರ ಆಡಳಿತವೇ ತನ್ನ ಕೆಲಸ ಮಾಡುವಂತೆ ಪಟ್ಟು ಹಿಡಿದರು.

ಇದಕ್ಕೆ ಓದಿರಲೇಬೇಕಾ?

ಪಕ್ಕದ ಮನೆಯವರನ್ನು ವಿಚಾರಿಸಲು ಡಿಗ್ರಿ ಬೇಕಿಲ್ಲ. ಆದರೆ ಮನೆಯೊಳಗೆ ಹೊಡೆತ ಬಡಿತ, ಮಕ್ಕಳ ಮೇಲೆ ದೌರ್ಜನ್ಯ, ಜೀವ ತೆಗೆದುಕೊಳ್ಳುವ ಮಾತು, ಇಂಥದ್ದು ಕಂಡಾಗ ತರಬೇತಿ ಇರುವವರ ಹತ್ತಿರ ಹೋಗಲೇಬೇಕು. ಹೊಡೆಯುವ ಗಂಡನನ್ನು, ಹೆಂಡತಿಯನ್ನು ಒಳ್ಳೆಯ ಮನಸ್ಸಿನಿಂದಲೇ ಎದುರುಬದುರು ಕೂರಿಸಿ ರಾಜಿ ಮಾಡಿಸಲು ಹೋಗಿ, ಆ ಹೆಂಗಸಿನ ಜೀವಕ್ಕೇ ಅಪಾಯ ತಂದವರಿದ್ದಾರೆ. ಎಲ್ಲಿ ನಿಲ್ಲಬೇಕು ಅಂತ ತಿಳಿದಿರುವುದೂ ಈ ಕೆಲಸದ ಒಂದು ಭಾಗ.

ಎಲ್ಲರೂ ಎಲ್ಲರಿಗೂ ಗೊತ್ತಿರುವ ಕಡೆ ಗುಟ್ಟು ಉಳಿಯುತ್ತಾ?

ಉಳಿಸಬೇಕು, ಇಲ್ಲದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಒಬ್ಬರ ಮನೆಯ ವಿಷಯ ಇನ್ನೊಬ್ಬರ ಹತ್ತಿರ ಒಂದು ಸಲ ಆಡಿದರೂ ಸಾಕು, ಸಂಜೆಯೊಳಗೆ ಎಲ್ಲ ಬಾಗಿಲೂ ಮುಚ್ಚಿಕೊಳ್ಳುತ್ತವೆ. ನಾನು ಪಾಲಿಸುವುದು ಇಷ್ಟು: ಬೀದಿಯಲ್ಲಿ ಸಿಕ್ಕಾಗ ಮನೆಯ ವಿಷಯ ಎತ್ತುವುದಿಲ್ಲ. ಹೆಸರು ಬರೆದ ನೋಟ್‌ಬುಕ್ ಎಲ್ಲೂ ಬಿಟ್ಟು ಬರುವುದಿಲ್ಲ. ಬೇರೆ ಯಾರಿಗಾದರೂ ಹೇಳಲೇಬೇಕಾದರೆ ಮೊದಲು ಅವರನ್ನು ಕೇಳುತ್ತೇನೆ. ಮಗುವಿಗೋ ಬೇರೆಯವರಿಗೋ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಗುಟ್ಟು ಮುರಿಯಬೇಕಾಗುತ್ತದೆ, ಅದನ್ನೂ ಮೊದಲ ದಿನವೇ ಹೇಳಿಬಿಡುತ್ತೇನೆ.

ಒಂದೇ ಗುಂಪಿನವರು ಎಲ್ಲ ಹಿಡಿದಿಟ್ಟುಕೊಂಡರೆ?

ಬಹಳ ಕಡೆ ಆಗುವುದೇ ಇದು. ಜೋರಾಗಿ ಮಾತಾಡುವವರು, ಸ್ವಂತ ಮನೆ ಇರುವವರು, ಮೊದಲಿಂದ ಇರುವವರು ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ. ಬಾಡಿಗೆಯವರು, ಅಂಗವಿಕಲರು, ಮನೆಗೆಲಸದವರು, ಹದಿಹರೆಯದ ಮಕ್ಕಳು ಗೋಡೆಗೆ ಒರಗಿ ನಿಂತಿರುತ್ತಾರೆ. ಸಭೆಗೆ ಮುಂಚೆಯೇ ಅವರನ್ನು ಬೇರೆಯಾಗಿ ಮಾತಾಡಿಸಿ. ಪದಾಧಿಕಾರಿಗಳನ್ನು ಆಗಾಗ ಬದಲಿಸಿ. ಲೆಕ್ಕಪತ್ರ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿ.

ಫಲ ಕಾಣಲು ಎಷ್ಟು ದಿನ ಬೇಕು? ಅಳೆಯೋದು ಹೇಗೆ?

ವರ್ಷಗಳು ಬೇಕು. ಹಣ ಕೊಡುವವರು ಕೇಳುವುದು ಎಷ್ಟು ಸಭೆ ಆಯಿತು, ಎಷ್ಟು ಜನ ಬಂದರು ಅಂತ. ಅದನ್ನು ಬರೆಯಿರಿ, ಆದರೆ ನಿಮಗಾಗಿ ಬೇರೆ ಲೆಕ್ಕವೂ ಇರಲಿ. ಸಹಾಯ ಪಡೆದವರಲ್ಲಿ ಎಷ್ಟು ಜನ ಈಗ ಸಹಾಯ ಮಾಡುತ್ತಿದ್ದಾರೆ? ನಾನಿಲ್ಲದೆ ಎಷ್ಟು ಸಭೆ ನಡೆಯಿತು?

ನಾನು ನೋಡಿದ ಒಂದು ಯೋಜನೆ ಹದಿನಾಲ್ಕು ತಿಂಗಳಿಗೆ ಹಣ ಮುಗಿಯಿತು ಅಂತ ನಿಂತುಹೋಯಿತು. ಸಂಜೆ ಪಾಠಕ್ಕೆ ಬರುತ್ತಿದ್ದ ಮಕ್ಕಳಿಗೆ ಹೇಳಿರಲೇ ಇಲ್ಲ. ಒಂದು ವಾರ ಮಕ್ಕಳು ಬಂದು ಬೀಗ ನೋಡಿ ವಾಪಸ್ ಹೋದರು. ಅದಾದ ಮೇಲೆ ಅದೇ ಬೀದಿಗೆ ನಾನು ಹೋದಾಗ ಒಬ್ಬ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ನೀವು ಎಷ್ಟು ದಿನ ಇರ್ತೀರಾ?" ಎಷ್ಟು ದಿನ ಇರಲು ಆಗುತ್ತದೋ ಅಷ್ಟನ್ನೇ ಹೇಳಿ, ಹೋಗುವ ಮೊದಲು ಹೇಳಿ ಹೋಗಿ.

ಸುಸ್ತಾಗಲ್ವಾ?

ಆಗುತ್ತೆ. ಬಡಾವಣೆಯಲ್ಲೇ ಇದ್ದರೆ ಕೆಲಸದ ಹೊತ್ತು ಮುಗಿಯುವುದೇ ಇಲ್ಲ, ರಾತ್ರಿ ಹತ್ತಕ್ಕೂ ಬಾಗಿಲು ಬಡಿಯುತ್ತಾರೆ. ಒಬ್ಬರೇ ಹೊರಬೇಡಿ. ವಾರಕ್ಕೊಮ್ಮೆಯಾದರೂ ಅನುಭವ ಇರುವ ಇನ್ನೊಬ್ಬ ಕಾರ್ಯಕರ್ತರ ಹತ್ತಿರ ಮನಸ್ಸು ಹಗುರ ಮಾಡಿಕೊಳ್ಳಿ.

ನಾನು ಒಬ್ಬಳೇ ಇದ್ದೀನಿ. ಯಾವ ಸಂಸ್ಥೆಯೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಒಂದು ಹಾಳೆ ತಗೊಳ್ಳಿ. ನಡುವೆ ನಿಮ್ಮ ಮನೆ ಬರೆದು, ಅಕ್ಕಪಕ್ಕ, ಎದುರು, ಹಿಂದೆ ಇರುವ ಇಪ್ಪತ್ತು ಮನೆಗಳನ್ನು ಚೌಕ ಚೌಕವಾಗಿ ಬರೆಯಿರಿ. ಪ್ರತಿ ಚೌಕದಲ್ಲಿ ಅಲ್ಲಿರುವವರ ಹೆಸರು. ಗೊತ್ತಿದ್ದರೆ, ರಾತ್ರಿ ಹೊತ್ತಲ್ಲಿ ಏನಾದರೂ ಆದರೆ ಅವರು ಯಾರಿಗೆ ಫೋನ್ ಮಾಡ್ತಾರೆ ಅನ್ನುವುದು. ಕೆಲವು ಚೌಕ ಖಾಲಿ ಉಳಿಯುತ್ತವೆ. ಅದರಲ್ಲಿ ಒಂದನ್ನು ಆರಿಸಿಕೊಳ್ಳಿ. ಈ ಭಾನುವಾರ ಸಂಜೆ ಆ ಮನೆಯ ಬಾಗಿಲಿಗೆ ಹೋಗಿ, ನೀವು ಯಾವ ಮನೆಯವರು ಅಂತ ಮೊದಲು ನಿಮ್ಮ ಪರಿಚಯ ಹೇಳಿ.